ಒಂದೇ ಕೇಬಲ್, ಆರು ದನಿ: ಲ್ಯಾಪ್‌ಟಾಪ್‌ನ ಎಚ್‌ಡಿಎಂಐಯಿಂದ 5.1 ತೆಗೆಯುವುದು ಹೇಗೆ?

ಮನೆಯಲ್ಲಿ 5.1 ಹೋಮ್ ಥಿಯೇಟರ್ ಇಟ್ಟುಕೊಂಡಿರುವ ಗೆಳೆಯರನ್ನು ಒಮ್ಮೆ ಕೇಳಿ ನೋಡಿ, "ಲ್ಯಾಪ್‌ಟಾಪ್‌ನಿಂದ ಸಿನಿಮಾ ಹಾಕಿದಾಗ ಹಿಂದಿನ ಎರಡು ಸ್ಪೀಕರ್‌ನಲ್ಲಿ ಏನಾದ್ರೂ ಬರುತ್ತಾ?" ಅಂತ. ಉತ್ತರ ಹೇಳೋಕೆ ಅವರು ಎದ್ದು ಹೋಗಿ ಸ್ಪೀಕರಿಗೆ ಕಿವಿ ಇಟ್ಟು ನೋಡಬೇಕಾಗುತ್ತದೆ. ಬರುತ್ತಿದ್ದರೂ ಅದು ಮುಂದಿನ ಎರಡರ ನಕಲೇ ಆಗಿರುವುದುಂಟು. ಚಿತ್ರ ಫುಲ್ ಎಚ್‌ಡಿ, ಫೈಲಿನ ಹೆಸರಿನಲ್ಲೇ 5.1 ಅಂತ ಬರೆದಿದೆ, ಕೇಬಲ್ ಹೊಚ್ಚ ಹೊಸದು. ಆದರೂ ಕೇಳುತ್ತಿರುವುದು ಸ್ಟೀರಿಯೊ.

ಇದು ಬರೀ ಶೋಕಿಯ ವಿಷಯ ಅಲ್ಲ. ಸಿನಿಮಾದ 5.1 ಮಿಶ್ರಣದಲ್ಲಿ ಪಾತ್ರಗಳ ಮಾತು ಹೆಚ್ಚಾಗಿ ನಡುವಿನ ಸ್ಪೀಕರಿಗೆ, ಅಂದರೆ ಸೆಂಟರ್ ಚಾನೆಲ್ಲಿಗೆ ಹೋಗಿರುತ್ತದೆ. ಆ ಒಂದು ಚಾನೆಲ್ ದಾರಿಯಲ್ಲಿ ಕಳೆದುಹೋದರೆ ಹಾಡು ಕೇಳುತ್ತೆ, ಫೈಟು ಕೇಳುತ್ತೆ, ಮಾತು ಮಾತ್ರ ಬಾವಿಯ ತಳದಿಂದ ಬಂದ ಹಾಗೆ. ಕನ್ನಡ ಸಂಘದ ಚಿತ್ರಪ್ರದರ್ಶನಕ್ಕೆ ಬಂದವರಿಗೆ ಕನ್ನಡವೇ ಕೇಳಿಸದಿದ್ದರೆ ಅವರು ಮಧ್ಯಂತರಕ್ಕೆ ಎದ್ದು ಹೋಗುತ್ತಾರೆ, ಮುಂದಿನ ಸಲ ಬರುವುದೂ ಇಲ್ಲ. ಅದಕ್ಕೇ ಈ ಪಾಠ. ಯಾವ ಬಟನ್ ಒತ್ತಬೇಕು ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಒಳಗೆ ಏನು ನಡೆಯುತ್ತೆ ಅಂತ ತಿಳಿಯದೆ ಸೆಟ್ಟಿಂಗ್ ಬದಲಿಸುವುದು ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ. ನಾವೆಲ್ಲ ಎಂಜಿನಿಯರಿಂಗ್ ಓದುತ್ತಿರುವವರು ತಾನೆ, ಸ್ವಲ್ಪ ಒಳಗೆ ಇಳಿದೇ ನೋಡೋಣ.

ಚಿತ್ರದ ಸಂದಿಯಲ್ಲಿ ಕೂತ ಧ್ವನಿ

ಎಚ್‌ಡಿಎಂಐನ ಮೊದಲ ಆವೃತ್ತಿ ಬಂದದ್ದು 2002ರ ಡಿಸೆಂಬರಿನಲ್ಲಿ. ಅದಕ್ಕೂ ಮೊದಲಿದ್ದ ಡಿವಿಐಗೆ ಚಿತ್ರ ಕಳಿಸುವುದಷ್ಟೇ ಗೊತ್ತಿತ್ತು. ಎಚ್‌ಡಿಎಂಐ ಮಾಡಿದವರು ಧ್ವನಿಗಾಗಿ ಬೇರೆ ತಂತಿ ಸೇರಿಸಲಿಲ್ಲ. ಚಿತ್ರ ಹೋಗುವ ತಂತಿಗಳಲ್ಲೇ ಖಾಲಿ ಇದ್ದ ಜಾಗ ಹುಡುಕಿದರು.

ಖಾಲಿ ಜಾಗ ಎಲ್ಲಿಂದ ಬಂತು? ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಎಲೆಕ್ಟ್ರಾನ್ ಕಿರಣ ಒಂದು ಗೆರೆ ಬರೆದು ಮುಗಿಸಿ ಮುಂದಿನ ಗೆರೆಯ ಶುರುವಿಗೆ ವಾಪಸ್ ಬರಲು ಸ್ವಲ್ಪ ಹೊತ್ತು ಬೇಕಿತ್ತು. ಆ ಹೊತ್ತಿಗೆ ಬ್ಲ್ಯಾಂಕಿಂಗ್ ಅಂತ ಹೆಸರು. ಟ್ಯೂಬು ಹೋಯಿತು, ಬ್ಲ್ಯಾಂಕಿಂಗ್ ಉಳಿಯಿತು. ಸೆಕೆಂಡಿಗೆ 60 ಫ್ರೇಮಿನ ಫುಲ್ ಎಚ್‌ಡಿ ತೆಗೆದುಕೊಳ್ಳಿ. ಕಣ್ಣಿಗೆ ಕಾಣುವುದು 1920 ಗುಣಿಸು 1080. ಆದರೆ ಕೇಬಲ್ಲಿನಲ್ಲಿ ಹೋಗುವುದು 2200 ಗುಣಿಸು 1125. ಇದನ್ನು 60ರಿಂದ ಗುಣಿಸಿದರೆ ಪಿಕ್ಸೆಲ್ ಕ್ಲಾಕ್ ಸರಿಯಾಗಿ 148.5 ಮೆಗಾಹರ್ಟ್ಜ್ ಬರುತ್ತದೆ. ಒಟ್ಟು ಸಮಯದಲ್ಲಿ ಸುಮಾರು 16 ಶೇಕಡಾ ಪರದೆಗೆ ಏನೂ ಹೋಗುತ್ತಿರುವುದಿಲ್ಲ. ಈ ಸಂದಿಯಲ್ಲೇ ಡೇಟಾ ಐಲ್ಯಾಂಡ್ ಅನ್ನುವ ಪುಟ್ಟ ಪುಟ್ಟ ದ್ವೀಪಗಳನ್ನು ಮಾಡಿ, ಅದರಲ್ಲಿ ಧ್ವನಿಯ ಪ್ಯಾಕೆಟ್‌ಗಳನ್ನು ಇಳಿಸುತ್ತಾರೆ.

ಈ ಜಾಗ ಸಾಕೇ? ಸಾಕು, ಮಿಕ್ಕುತ್ತೆ ಕೂಡ. 16 ಬಿಟ್, 48 ಕಿಲೋಹರ್ಟ್ಜ್, ಆರು ಚಾನೆಲ್ ಅಂದರೆ ಸೆಕೆಂಡಿಗೆ 4.608 ಮೆಗಾಬಿಟ್. ಎಂಟು ಚಾನೆಲ್, 24 ಬಿಟ್, 192 ಕಿಲೋಹರ್ಟ್ಜ್ ಎಂಬ ಗರಿಷ್ಠ ಲೆಕ್ಕ ಹಾಕಿದರೂ 37 ಮೆಗಾಬಿಟ್ ದಾಟುವುದಿಲ್ಲ. ಚಿತ್ರದ ಮುಂದೆ ಇದು ಆನೆಯ ಮುಂದಿನ ಇರುವೆ. ಹಾಗಾಗಿ "ಕೇಬಲ್ ದುಬಾರಿದು ತಗೊಂಡ್ರೆ 5.1 ಬರುತ್ತೆ" ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಚಿತ್ರ ಸರಿಯಾಗಿ ಬರುತ್ತಿದೆ ಅಂದರೆ ಧ್ವನಿ ತರುವ ತಾಕತ್ತು ಆ ಕೇಬಲ್ಲಿಗೆ ಇದ್ದೇ ಇದೆ.

ಇಲ್ಲಿ ಒಂದು ಚೆಂದದ ಎಂಜಿನಿಯರಿಂಗ್ ಇದೆ, ಬಿಟ್ಟು ಮುಂದೆ ಹೋಗಲು ಮನಸ್ಸಿಲ್ಲ. ಕೇಬಲ್ಲಿನಲ್ಲಿ ಧ್ವನಿಗೆ ಬೇರೆ ಕ್ಲಾಕ್ ಇಲ್ಲ. ಪ್ಯಾಕೆಟ್‌ಗಳು ಗುಂಪು ಗುಂಪಾಗಿ ಬರುತ್ತವೆ, ಆದರೆ ಸ್ಪೀಕರಿಗೆ ಸ್ಯಾಂಪಲ್‌ಗಳು ಸಮಾನ ಅಂತರದಲ್ಲಿ ಹೋಗಬೇಕು. ಅದಕ್ಕೆ ಲ್ಯಾಪ್‌ಟಾಪ್ ಎರಡು ಸಂಖ್ಯೆ ಕಳಿಸುತ್ತದೆ. ಒಂದಕ್ಕೆ ಎನ್ ಅಂತ, ಇನ್ನೊಂದಕ್ಕೆ ಸಿಟಿಎಸ್ ಅಂತ ಹೆಸರು. ವಿಡಿಯೊ ಕ್ಲಾಕನ್ನು ಎನ್‌ನಿಂದ ಗುಣಿಸಿ ಸಿಟಿಎಸ್‌ನಿಂದ ಭಾಗಿಸಿದರೆ ಧ್ವನಿಯ ಸ್ಯಾಂಪಲ್ ದರದ 128 ಪಟ್ಟು ಸಿಗಬೇಕು. 48 ಕಿಲೋಹರ್ಟ್ಜಿಗೆ ಎನ್ 6144. ನಮ್ಮ 148.5 ಮೆಗಾಹರ್ಟ್ಜಿಗೆ ಸಿಟಿಎಸ್ 148500. ಭಾಗಿಸಿ ನೋಡಿ, 61,44,000 ಬರುತ್ತೆ. ಅದನ್ನು 128ರಿಂದ ಭಾಗಿಸಿದರೆ 48,000. ಟಿವಿಯೊಳಗಿನ ಪಿಎಲ್‌ಎಲ್ ಈ ಲೆಕ್ಕದಿಂದಲೇ ಕ್ಲಾಕನ್ನು ಮತ್ತೆ ಹುಟ್ಟಿಸಿಕೊಳ್ಳುತ್ತದೆ. ಕಮ್ಯುನಿಕೇಶನ್ ಪೇಪರಿನಲ್ಲಿ ಪಿಎಲ್‌ಎಲ್ ಬಗ್ಗೆ ಹತ್ತು ಅಂಕಕ್ಕೆ ಬರೆದು ಮರೆತವರು ಇಲ್ಲಿ ಒಮ್ಮೆ ನಿಂತು ನೋಡಬಹುದು.

ಬಿಚ್ಚಿದ ಬುತ್ತಿ, ಕಟ್ಟಿದ ಬುತ್ತಿ

5.1 ಧ್ವನಿಯನ್ನು ಎಚ್‌ಡಿಎಂಐನಲ್ಲಿ ಕಳಿಸುವ ದಾರಿ ಎರಡು. ಈ ವ್ಯತ್ಯಾಸ ಒಂದು ಗೊತ್ತಾದರೆ ಅರ್ಧ ಪಾಠ ಮುಗಿದಂತೆ.

ಮೊದಲನೆಯದು ಪಿಸಿಎಂ. ಲ್ಯಾಪ್‌ಟಾಪೇ ಫೈಲಿನ ಕಂಪ್ರೆಶನ್ ಬಿಚ್ಚಿ, ಆರು ಚಾನೆಲ್ಲಿನ ಸ್ಯಾಂಪಲ್‌ಗಳನ್ನು ಹಾಗೇ ಕಳಿಸುತ್ತದೆ. ಆ ಕಡೆಯ ಆಂಪ್ಲಿಫೈಯರ್ ಮಾಡಬೇಕಾದ್ದು ಡಿಜಿಟಲ್‌ನಿಂದ ಅನಲಾಗ್‌ಗೆ ಬದಲಾಯಿಸುವುದಷ್ಟೇ. ಬುತ್ತಿ ಬಿಚ್ಚಿ ತಟ್ಟೆಗೆ ಬಡಿಸಿಯೇ ಕಳಿಸಿದ ಹಾಗೆ.

ಎರಡನೆಯದು ಬಿಟ್‌ಸ್ಟ್ರೀಮ್. ಇದನ್ನೇ ಪಾಸ್‌ಥ್ರೂ ಅಂತಲೂ ಕರೆಯುತ್ತಾರೆ. ಫೈಲಿನಲ್ಲಿರುವ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಕಟ್ಟನ್ನು ಲ್ಯಾಪ್‌ಟಾಪ್ ಮುಟ್ಟುವುದೇ ಇಲ್ಲ, ಕಟ್ಟಿದ ಬುತ್ತಿಯನ್ನು ಹಾಗೇ ದಾಟಿಸುತ್ತದೆ. ಬಿಚ್ಚುವ ಕೆಲಸ ಆ ಕಡೆಯ ರಿಸೀವರಿನದು. ಡಿವಿಡಿಯಲ್ಲಿ ಡಾಲ್ಬಿ ಡಿಜಿಟಲ್ ಸೆಕೆಂಡಿಗೆ ಹೆಚ್ಚೆಂದರೆ 448 ಕಿಲೋಬಿಟ್. ಆರು ಚಾನೆಲ್ ಪಿಸಿಎಂನ ಸುಮಾರು ಹತ್ತನೇ ಒಂದು ಪಾಲು. ಅದರ ಒಂದು ಫ್ರೇಮು 1536 ಸ್ಯಾಂಪಲ್, ಅಂದರೆ 32 ಮಿಲಿಸೆಕೆಂಡ್ ಧ್ವನಿ. 448 ಕಿಲೋಬಿಟ್ ದರದಲ್ಲಿ ಆ ಫ್ರೇಮಿಗೆ 1792 ಬೈಟ್ ಸಾಕು. ಅಷ್ಟೇ ಹೊತ್ತಿನ ಎರಡು ಚಾನೆಲ್ ಪಿಸಿಎಂಗೆ 6144 ಬೈಟ್ ಜಾಗ ಇರುತ್ತೆ. ಹಾಗಾಗಿ ಸ್ಟೀರಿಯೊ ಧ್ವನಿಯ ವೇಷ ಹಾಕಿ ಈ ಕಟ್ಟನ್ನು ಒಳಗೆ ಕೂರಿಸಿ, ಉಳಿದ ಜಾಗಕ್ಕೆ ಸೊನ್ನೆ ತುಂಬಿಸುತ್ತಾರೆ.

ಎರಡೇ ಚಾನೆಲ್ ಪಿಸಿಎಂ ಹೊರಬಲ್ಲ ಹಳೆಯ ಆಪ್ಟಿಕಲ್ ಕೇಬಲ್ಲಿನಲ್ಲೂ 5.1 ಹೋಗುವುದು ಈ ಉಪಾಯದಿಂದಲೇ. ಅದೇ ಆಪ್ಟಿಕಲ್‌ನಲ್ಲಿ ಬಿಚ್ಚಿದ ಆರು ಚಾನೆಲ್ ಪಿಸಿಎಂ ಹೋಗುವುದಿಲ್ಲ, ಜಾಗ ಸಾಲದು. ಈ ಒಂದು ವಾಕ್ಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ವೇಷದ ಇನ್ನೊಂದು ಮುಖವೂ ಇದೆ. ಆ ಕಡೆಯ ಪೆಟ್ಟಿಗೆಗೆ ಡಾಲ್ಬಿ ಬಿಚ್ಚಲು ಬರದಿದ್ದರೆ, ಅದು ಈ ಬಿಟ್‌ಗಳನ್ನೇ ಸ್ಟೀರಿಯೊ ಅಂದುಕೊಂಡು ನುಡಿಸಿಬಿಡಬಹುದು. ಆಗ ಬರುವುದು ಕಿವಿ ಹರಿಯುವಂಥ ಕರಕರ ಸದ್ದು. ಮೊದಲ ಸಲ ಪಾಸ್‌ಥ್ರೂ ಪರೀಕ್ಷಿಸುವಾಗ ವಾಲ್ಯೂಮ್ ಪೂರ್ತಿ ಇಳಿಸಿ ಶುರು ಮಾಡಿ.

ಟಿವಿ ಹೇಳುವ ಸಣ್ಣ ಸುಳ್ಳು

ಇನ್ನು ಅಸಲಿ ಕಥೆಗೆ ಬರೋಣ. ಲ್ಯಾಪ್‌ಟಾಪ್‌ನ ಸೆಟ್ಟಿಂಗಿನಲ್ಲಿ 5.1 ಆಯ್ಕೆಯೇ ಕಾಣುತ್ತಿಲ್ಲ ಅಂತ ಬರುವವರೇ ನಮ್ಮ ಹತ್ತಿರ ಹೆಚ್ಚು. ಡ್ರೈವರ್ ಮೂರು ಸಲ ಹಾಕಿ ತೆಗೆದು, ವಿಂಡೋಸನ್ನೇ ಮತ್ತೆ ಹಾಕಿ ದಣಿದವರೂ ಇದ್ದಾರೆ. ಡ್ರೈವರಿನ ತಪ್ಪು ಬಹಳ ಸಲ ಇರುವುದೇ ಇಲ್ಲ.

ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದ ಕೂಡಲೇ ಲ್ಯಾಪ್‌ಟಾಪ್ ಆ ಕಡೆಯ ಸಾಧನವನ್ನು "ನೀನು ಯಾರು, ನಿನಗೆ ಏನೇನು ಬರುತ್ತೆ?" ಅಂತ ಕೇಳುತ್ತದೆ. ಉತ್ತರವಾಗಿ ಒಂದು ಬೈಟ್ ಪಟ್ಟಿ ಬರುತ್ತೆ. ಅದರ ಹೆಸರು ಇಡಿಐಡಿ. ಮೊದಲ 128 ಬೈಟ್ ಮುಖ್ಯವಾಗಿ ಚಿತ್ರದ ವಿವರ. ಧ್ವನಿಯ ವಿವರ ಅದರ ಬಾಲದಲ್ಲಿ ಬರುವ ಇನ್ನೊಂದು ಬ್ಲಾಕಿನಲ್ಲಿ ಇರುತ್ತೆ. ಒಂದೊಂದು ಧ್ವನಿ ಬಗೆಗೂ ಮೂರೇ ಮೂರು ಬೈಟ್.

ಎಷ್ಟೋ ಟಿವಿಗಳ ಇಡಿಐಡಿಯಲ್ಲಿ ಕಾಣುವ ಮೂರು ಬೈಟ್ ಇದು: 09 07 07. ಹೆಕ್ಸಾಡೆಸಿಮಲ್‌ನಲ್ಲಿ ಬರೆದದ್ದು. ಮೊದಲ ಬೈಟನ್ನು ಬೈನರಿಗೆ ಬಿಡಿಸಿ, 0000 1001. ಕೊನೆಯ ಮೂರು ಬಿಟ್ 001. ಅದಕ್ಕೆ ಒಂದು ಸೇರಿಸಿದರೆ ಚಾನೆಲ್ ಸಂಖ್ಯೆ, ಅಂದರೆ ಎರಡು. ಅದರ ಹಿಂದಿನ ನಾಲ್ಕು ಬಿಟ್ 0001, ಅದು ಬಗೆಯ ಸಂಖ್ಯೆ. ಒಂದು ಅಂದರೆ ಪಿಸಿಎಂ. ಎರಡನೇ ಬೈಟಿನ ಕೊನೆಯ ಮೂರು ಬಿಟ್ ಒಂದಾಗಿವೆ, ಅಂದರೆ 32, 44.1 ಮತ್ತು 48 ಕಿಲೋಹರ್ಟ್ಜ್ ಬರುತ್ತೆ. ಮೂರನೆಯದು 16, 20, 24 ಬಿಟ್ ಆಳ. ಒಟ್ಟಿನಲ್ಲಿ ಟಿವಿ ಹೇಳುತ್ತಿರುವುದು: "ನನಗೆ ಎರಡು ಚಾನೆಲ್ ಪಿಸಿಎಂ ಮಾತ್ರ ಬರುತ್ತೆ ಕಣಪ್ಪಾ."

ಕೆಲವು ಟಿವಿಗಳಲ್ಲಿ ಇದರ ಪಕ್ಕ 15 07 50 ಅಂತ ಇನ್ನೊಂದು ಮೂರು ಬೈಟ್ ಇರುತ್ತೆ. 15 ಅಂದರೆ 0001 0101. ಕೊನೆಯ 101 ಅಂದರೆ ಐದು, ಒಂದು ಸೇರಿಸಿ ಆರು ಚಾನೆಲ್. ಬಗೆ 0010, ಅಂದರೆ ಎರಡು, ಡಾಲ್ಬಿ ಡಿಜಿಟಲ್. 50 ಹೆಕ್ಸ್ ಅಂದರೆ 80, ಅದನ್ನು 8ರಿಂದ ಗುಣಿಸಿದರೆ ಗರಿಷ್ಠ 640 ಕಿಲೋಬಿಟ್. ಡಿಟಿಎಸ್‌ಗೆ ಬಗೆ ಸಂಖ್ಯೆ 7, ಡಾಲ್ಬಿ ಡಿಜಿಟಲ್ ಪ್ಲಸ್‌ಗೆ 10, ಟ್ರೂಎಚ್‌ಡಿಗೆ 12.

ಈಗ ಸಾಮಾನ್ಯ ಮನೆಯ ಜೋಡಣೆ ನೋಡಿ. ಲ್ಯಾಪ್‌ಟಾಪ್‌ನಿಂದ ಎಚ್‌ಡಿಎಂಐ ಟಿವಿಗೆ. ಟಿವಿಯಿಂದ ಆಪ್ಟಿಕಲ್ ಹೋಮ್ ಥಿಯೇಟರಿಗೆ. ಲ್ಯಾಪ್‌ಟಾಪ್ ಕೇಳುವುದು ಟಿವಿಯನ್ನು. ಟಿವಿಗೆ ಇರುವುದು ಎರಡು ಸ್ಪೀಕರ್, ಅದು ತನ್ನ ಬಗ್ಗೆ ಹೇಳಿಕೊಳ್ಳುತ್ತೆ. ಹಿಂದೆ ಆರು ಸ್ಪೀಕರಿನ ಪೆಟ್ಟಿಗೆ ಕಾಯುತ್ತಾ ಕೂತಿದೆ ಅಂತ ಲ್ಯಾಪ್‌ಟಾಪಿಗೆ ತಿಳಿಯುವುದೇ ಇಲ್ಲ. ಸುಳ್ಳು ಅನ್ನುವುದಕ್ಕಿಂತ ಅರ್ಧಸತ್ಯ ಅನ್ನಬಹುದು. ವಿಂಡೋಸ್ ಪಾಪ, ಸಿಕ್ಕ ಉತ್ತರವನ್ನು ನಂಬಿ 5.1 ಆಯ್ಕೆಯನ್ನು ಮರೆಮಾಡುತ್ತದೆ.

ಮದ್ದು ಸುಲಭ, ರಿಸೀವರಿನಲ್ಲಿ ಎಚ್‌ಡಿಎಂಐ ಇದ್ದರೆ. ಲ್ಯಾಪ್‌ಟಾಪ್‌ನಿಂದ ಮೊದಲು ರಿಸೀವರಿಗೆ, ರಿಸೀವರಿನಿಂದ ಟಿವಿಗೆ. ಆಗ ನಡುವೆ ಕೂತ ರಿಸೀವರ್ ಟಿವಿಯ ಚಿತ್ರ ವಿವರಕ್ಕೆ ತನ್ನ ಧ್ವನಿ ವಿವರ ಸೇರಿಸಿ ಉತ್ತರ ಕೊಡುತ್ತದೆ. 5.1 ತಾನಾಗಿಯೇ ಕಾಣಿಸಿಕೊಳ್ಳುತ್ತೆ.

ಹಾಗೆ ಮಾಡಲು ಆಗದಿದ್ದರೆ ಎಆರ್‌ಸಿ ಇದೆ. ಟಿವಿಯಿಂದ ಸೌಂಡ್‌ಬಾರಿಗೆ ಅದೇ ಎಚ್‌ಡಿಎಂಐ ಕೇಬಲ್ಲಿನಲ್ಲಿ ಧ್ವನಿ ವಾಪಸ್ ಹೋಗುವ ವ್ಯವಸ್ಥೆ, 2009ರ 1.4 ಆವೃತ್ತಿಯಿಂದ ಬಂದದ್ದು. ಅದರ ಹೊರುವ ಶಕ್ತಿ ಆಪ್ಟಿಕಲ್‌ನಷ್ಟೇ: ಎರಡು ಚಾನೆಲ್ ಪಿಸಿಎಂ, ಇಲ್ಲವೇ ಕಟ್ಟಿದ 5.1. ಹಾಗಾಗಿ ಎಆರ್‌ಸಿ ಇದ್ದಲ್ಲಿ ಪಾಸ್‌ಥ್ರೂ ಒಂದೇ ದಾರಿ, ಅದೂ ಟಿವಿ ಡಾಲ್ಬಿ ಬರುತ್ತೆ ಅಂತ ಒಪ್ಪಿಕೊಂಡರೆ. 2017ರ 2.1 ಆವೃತ್ತಿಯ ಜೊತೆ ಬಂದ ಇಎಆರ್‌ಸಿಯಲ್ಲಿ ಎಂಟು ಚಾನೆಲ್ ಪಿಸಿಎಂ ಕೂಡ ಹೋಗುತ್ತೆ. ಹೊಸ ಟಿವಿ ಕೊಳ್ಳುವ ಮನೆಯವರಿಗೆ ಆ ಒಂದು ಅಕ್ಷರ ಹೆಚ್ಚಿರುವುದನ್ನು ನೋಡಿ ತಗೊಳ್ಳಿ ಅಂತ ಹೇಳಿ.

ಹಾಸ್ಟೆಲ್ ರೂಮುಗಳಲ್ಲಿ ಕಾಣುವ ಕಡಿಮೆ ಬೆಲೆಯ 5.1 ಸೆಟ್‌ಗಳ ಕಥೆ ಬೇರೆ. ಬಹುತೇಕ ಅವಕ್ಕೆ ಎಚ್‌ಡಿಎಂಐಯೂ ಇಲ್ಲ, ಆಪ್ಟಿಕಲ್ಲೂ ಇಲ್ಲ, ಹಿಂದೆ ಬಣ್ಣಬಣ್ಣದ ಆರು ಆರ್‌ಸಿಎ ತೂತು ಅಷ್ಟೇ. ಅವಕ್ಕೆ ಎಚ್‌ಡಿಎಂಐಯಿಂದ ನೇರ ದಾರಿ ಇಲ್ಲ. ನಡುವೆ ಡಿಕೋಡರ್ ಪೆಟ್ಟಿಗೆ ಬೇಕು, ಡಿಜಿಟಲ್ ತೆಗೆದುಕೊಂಡು ಆರು ಅನಲಾಗ್ ಕೊಡುವಂಥದ್ದು. ಎಚ್‌ಡಿಎಂಐ ಆಡಿಯೊ ಎಕ್ಸ್‌ಟ್ರಾಕ್ಟರ್ ಅಂತಲೂ ಸಿಗುತ್ತವೆ. ಅಂಥ ಕೆಲವು ಪೆಟ್ಟಿಗೆಗಳ ಪಕ್ಕದಲ್ಲಿ ಪಾಸ್, 2 ಚಾನೆಲ್, 5.1 ಚಾನೆಲ್ ಅಂತ ಉಗುರಿನಷ್ಟು ದೊಡ್ಡ ಒಂದು ಸ್ವಿಚ್ ಇರುತ್ತೆ. ಅದು ಏನು ಅಂತ ನಿಮಗೆ ಈಗ ಗೊತ್ತು: ಲ್ಯಾಪ್‌ಟಾಪಿಗೆ ಯಾವ ಇಡಿಐಡಿ ತೋರಿಸಬೇಕು ಅನ್ನುವ ಸ್ವಿಚ್. ಅದನ್ನು 5.1ಕ್ಕೆ ತಳ್ಳಿ, ಕೇಬಲ್ ತೆಗೆದು ಮತ್ತೆ ಹಾಕಿ. ಎಕ್ಸ್‌ಟ್ರಾಕ್ಟರಿನ ಹೊರದಾರಿ ಆಪ್ಟಿಕಲ್ ಆಗಿದ್ದರೆ ಪಾಸ್‌ಥ್ರೂ ಮಾತ್ರ ನಡೆಯುತ್ತೆ. ಮೇಲೆ ನೆನಪಿಟ್ಟುಕೊಳ್ಳಿ ಅಂದದ್ದು ಇದಕ್ಕೇ.

ಇನ್ನು ಸೆಟ್ಟಿಂಗ್

ವಿಂಡೋಸ್‌ನಲ್ಲಿ ಮೊದಲು ಚಿತ್ರ ಟಿವಿಗೆ ಹೋಗಲಿ. ಪರದೆ ಜೀವಂತ ಇಲ್ಲದಿದ್ದರೆ ಎಚ್‌ಡಿಎಂಐ ಧ್ವನಿ ಸಾಧನವೇ ಸಾಮಾನ್ಯವಾಗಿ ಪಟ್ಟಿಯಲ್ಲಿ ಇರುವುದಿಲ್ಲ. ನಂತರ ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ, ಅಲ್ಲಿಂದ ಮೋರ್ ಸೌಂಡ್ ಸೆಟ್ಟಿಂಗ್ಸ್ ತೆರೆಯಿರಿ, ಹಳೆಯ ಕಾಲದ ಚಿಕ್ಕ ಕಿಟಕಿ ಬರುತ್ತೆ. ಹೊಸ ಸೆಟ್ಟಿಂಗ್ಸ್ ಪುಟಕ್ಕಿಂತ ನಮಗೆ ಈ ಹಳೆಯದೇ ಇಷ್ಟ, ಬೇಕಾದ್ದೆಲ್ಲ ಒಂದೇ ಕಡೆ ಇದೆ. ಪ್ಲೇಬ್ಯಾಕ್ ಪಟ್ಟಿಯಲ್ಲಿ ಟಿವಿ ಅಥವಾ ರಿಸೀವರಿನ ಹೆಸರು, ಕೆಳಗೆ ಇಂಟೆಲ್, ಎನ್ವಿಡಿಯಾ ಅಥವಾ ಎಎಂಡಿ ಅಂತ ಇರುವುದನ್ನು ಹುಡುಕಿ. ರಿಯಲ್‌ಟೆಕ್ ಅಲ್ಲ, ಅದು ಲ್ಯಾಪ್‌ಟಾಪ್‌ನ ಸ್ವಂತ ಸ್ಪೀಕರಿನದು. ಎಚ್‌ಡಿಎಂಐ ಧ್ವನಿ ಗ್ರಾಫಿಕ್ಸ್ ಚಿಪ್ಪಿನ ಕಡೆಯಿಂದ ಹೊರಡುತ್ತದೆ, ಆದ್ದರಿಂದ ರಿಯಲ್‌ಟೆಕ್ ಡ್ರೈವರ್ ಎಷ್ಟು ಸಲ ಅಪ್‌ಡೇಟ್ ಮಾಡಿದರೂ ಇಲ್ಲಿ ಪ್ರಯೋಜನ ಇಲ್ಲ.

ಅದನ್ನು ಡಿಫಾಲ್ಟ್ ಮಾಡಿ, ಕಾನ್ಫಿಗರ್ ಒತ್ತಿ, 5.1 ಆರಿಸಿ, ಒಂದೊಂದೇ ಸ್ಪೀಕರ್ ಚಿತ್ರದ ಮೇಲೆ ಒತ್ತಿ ಕೇಳಿ. ಪ್ರಾಪರ್ಟೀಸ್ ಒಳಗೆ ಸಪೋರ್ಟೆಡ್ ಫಾರ್ಮ್ಯಾಟ್ಸ್ ಅಂತ ಒಂದು ಪುಟ ಇದ್ದರೆ ಅಲ್ಲಿ ಡಾಲ್ಬಿ ಡಿಜಿಟಲ್, ಡಿಟಿಎಸ್ ಎದುರು ಟೆಸ್ಟ್ ಬಟನ್ ಇರುತ್ತೆ. ಕಾನ್ಫಿಗರ್‌ನಲ್ಲಿ ಸ್ಟೀರಿಯೊ ಮಾತ್ರ ಇದ್ದು, ಇಲ್ಲಿ ಡಾಲ್ಬಿ ಕಾಣುತ್ತಿದ್ದರೆ ಚಿಂತೆ ಬೇಡ, ಪಾಸ್‌ಥ್ರೂ ದಾರಿ ತೆರೆದಿದೆ ಅಂತ ಅರ್ಥ. ಎರಡೂ ಇಲ್ಲವೇ? ಸೆಟ್ಟಿಂಗ್ ಕೆದಕುವುದು ನಿಲ್ಲಿಸಿ, ಕೇಬಲ್ ಜೋಡಣೆಗೆ ವಾಪಸ್ ಹೋಗಿ.

ವಿಎಲ್‌ಸಿಯಲ್ಲಿ ಪ್ರಿಫರೆನ್ಸಸ್ ಒಳಗೆ ಆಡಿಯೊ ಪುಟದಲ್ಲಿ ಪಾಸ್‌ಥ್ರೂ ಆಯ್ಕೆ ಇದೆ, ಕೋಡಿಯಲ್ಲೂ ಇದೆ. ಪಾಸ್‌ಥ್ರೂ ಹಾಕಿದ ಮೇಲೆ ಪ್ಲೇಯರಿನ ವಾಲ್ಯೂಮ್ ಎಳೆದರೆ ಏನೂ ಆಗುವುದಿಲ್ಲ. ಕಟ್ಟಿದ ಬುತ್ತಿಗೆ ಉಪ್ಪು ಹಾಕಲು ಬರುತ್ತಾ? ರಿಸೀವರಿನ ಗುಂಡಿಯನ್ನೇ ತಿರುಗಿಸಬೇಕು. ಹಾಗೇ ಸಿನಿಮಾದ ನಡುವೆ ವಾಟ್ಸಾಪ್‌ನ ಟಿಂಗ್ ಸದ್ದೂ ಬರಲ್ಲ. ಪ್ರದರ್ಶನದ ಹೊತ್ತಿಗೆ ಇದು ಲಾಭವೇ.

ಎರಡೂ ದಾರಿ ತೆರೆದಿದ್ದರೆ ಯಾವುದು ಆರಿಸಬೇಕು? ನಮ್ಮ ಮತ ಪಿಸಿಎಂ ಕಡೆಗೆ. ವಾಲ್ಯೂಮ್ ಕೈಯಲ್ಲಿರುತ್ತೆ, ಎಲ್ಲ ಆಪ್‌ಗಳೂ ನಡೆಯುತ್ತವೆ, ಬಿಚ್ಚುವವರು ಯಾರಾದರೂ ಸ್ಯಾಂಪಲ್‌ಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ರಿಸೀವರಿನ ಪುಟ್ಟ ಪರದೆಯಲ್ಲಿ ಡಾಲ್ಬಿ ಅಂತ ಬೆಳಗುವುದನ್ನು ನೋಡುವ ಖುಷಿ ಪಿಸಿಎಂನಲ್ಲಿ ಇಲ್ಲ, ನಿಜ. ಆಟ್ಮಾಸ್ ಬೇಕಾದವರಿಗೆ ಮಾತ್ರ ಬಿಟ್‌ಸ್ಟ್ರೀಮ್ ಅಗತ್ಯ. ಮೇಲಿನ ಸ್ಪೀಕರುಗಳ ಮಾಹಿತಿ ಆ ಕಟ್ಟಿನೊಳಗೇ ಇರುತ್ತೆ, ಲ್ಯಾಪ್‌ಟಾಪ್ ಅದನ್ನು ಸಾಮಾನ್ಯ ಪಿಸಿಎಂ ಆಗಿ ಬಿಚ್ಚಿದರೆ ಆ ಮಾಹಿತಿ ಹೋಗಿಬಿಡುತ್ತೆ.

ಗೇಮ್ ಆಡುವವರಿಗೆ ಒಂದು ಎಚ್ಚರಿಕೆ. ಗೇಮಿನ ಧ್ವನಿ ಆಗಿಂದಾಗ್ಗೆ ಹುಟ್ಟುವುದು, ಮೊದಲೇ ಕಟ್ಟಿಟ್ಟ ಡಾಲ್ಬಿ ಅಲ್ಲಿ ಇರುವುದಿಲ್ಲ. ಆರು ಚಾನೆಲ್ ಪಿಸಿಎಂ ದಾರಿ ಇಲ್ಲದಿದ್ದರೆ ಆಗಿಂದಾಗ್ಗೆ ಕಟ್ಟುವ ತಂತ್ರಾಂಶ ಬೇಕು. ಡಾಲ್ಬಿ ಡಿಜಿಟಲ್ ಲೈವ್, ಡಿಟಿಎಸ್ ಕನೆಕ್ಟ್ ಅಂತ ಅದಕ್ಕೆ ಹೆಸರು, ಎಲ್ಲ ಲ್ಯಾಪ್‌ಟಾಪ್‌ನಲ್ಲೂ ಸಿಗುವುದಿಲ್ಲ. ಅದರಿಂದ ಸ್ವಲ್ಪ ವಿಳಂಬವೂ ಸೇರುತ್ತೆ. ಒಂದು ಫ್ರೇಮ್ ತುಂಬಲೇ 32 ಮಿಲಿಸೆಕೆಂಡ್ ಬೇಕಲ್ಲ.

ಲಿನಕ್ಸ್ ಬಳಗದವರಿಗೆ ಕೆಲಸ ಕಡಿಮೆ. ಪಲ್ಸ್ ಆಡಿಯೊ ವಾಲ್ಯೂಮ್ ಕಂಟ್ರೋಲ್ ತೆರೆದು, ಕಾನ್ಫಿಗರೇಶನ್ ಪುಟದಲ್ಲಿ ಎಚ್‌ಡಿಎಂಐನ ಡಿಜಿಟಲ್ ಸರೌಂಡ್ 5.1 ಪ್ರೊಫೈಲ್ ಆರಿಸಿದರೆ ಆಯಿತು. ಅದಕ್ಕಿಂತ ಸೊಗಸು, ಟಿವಿ ಕೊಟ್ಟ ಉತ್ತರವನ್ನು ಅಲ್ಲಿ ಕಣ್ಣಾರೆ ಓದಬಹುದು. ಪ್ರಾಕ್ ಡೈರೆಕ್ಟರಿಯ ಅಸೌಂಡ್ ಒಳಗೆ ಕಾರ್ಡಿನ ಫೋಲ್ಡರಿನಲ್ಲಿ ಇಎಲ್‌ಡಿ ಅಂತ ಶುರುವಾಗುವ ಫೈಲುಗಳಿವೆ. ತೆರೆದರೆ ಮಾನಿಟರಿನ ಹೆಸರು, ಧ್ವನಿಯ ಬಗೆ, ಚಾನೆಲ್ ಸಂಖ್ಯೆ ಎಲ್ಲ ಬಿಡಿಸಿ ಬರೆದಿರುತ್ತೆ. ಮ್ಯಾಕ್‌ನಲ್ಲಿ ಆಡಿಯೊ ಮಿಡಿ ಸೆಟಪ್ ಒಳಗೆ ಕಾನ್ಫಿಗರ್ ಸ್ಪೀಕರ್ಸ್ ನೋಡಿ.

ಮಾತು ಎಲ್ಲಿ ಹೋಯಿತು?

ಆರೂ ಸ್ಪೀಕರ್ ಸದ್ದು ಮಾಡಿದವು ಅಂತ ಸಂಭ್ರಮಿಸುವ ಮುನ್ನ ಯಾವ ಸದ್ದು ಎಲ್ಲಿಂದ ಬಂತು ಅಂತ ನೋಡಿ. ಚಾನೆಲ್‌ಗಳ ಸಾಲು ಎಲ್ಲ ಕಡೆ ಒಂದೇ ಅಲ್ಲ. ವಿಂಡೋಸ್‌ನ ವೇವ್ ಫೈಲಿನಲ್ಲಿ ಎಡ, ಬಲ, ನಡು, ಸಬ್‌ವೂಫರ್, ಹಿಂದಿನ ಎಡ, ಹಿಂದಿನ ಬಲ. ಎಚ್‌ಡಿಎಂಐನ ಸಾಲಿನಲ್ಲಿ ಎಡ, ಬಲ ಆದಮೇಲೆ ಸಬ್‌ವೂಫರ್, ಆಮೇಲೆ ನಡು. ಲಿನಕ್ಸಿನ ಆಲ್ಸಾದಲ್ಲಿ ಹಿಂದಿನ ಎರಡು ಮೊದಲು ಬಂದು ನಡು ಐದನೆಯದು. ಡ್ರೈವರುಗಳು ಇದನ್ನು ಅದಲುಬದಲು ಮಾಡಿ ಹೊಂದಿಸುತ್ತವೆ. ಎಲ್ಲೋ ಒಂದು ಕಡೆ ಹೊಂದಿಕೆ ತಪ್ಪಿದರೆ ನಾಯಕಿಯ ಮಾತು ಸಬ್‌ವೂಫರಿಗೆ ಹೋಗುತ್ತೆ. ಅದು ಸುಮಾರು 120 ಹರ್ಟ್ಜ್‌ಗಿಂತ ಕೆಳಗಿನ ಗುಡುಗಿಗೆ ಮೀಸಲಾದ ಪೆಟ್ಟಿಗೆ, ಮಾತು ಅಲ್ಲಿ ಬರೀ ಗುಂಯ್ ಅನ್ನುತ್ತೆ. "ಎಡ", "ನಡು", "ಬಲ" ಅಂತ ದನಿ ಹೇಳುವ ಪರೀಕ್ಷಾ ಫೈಲ್ ಹಾಕಿ ಕೇಳುವುದೊಂದೇ ಖಾತರಿ. ನಾವು ಆಡಾಸಿಟಿಯಲ್ಲಿ ಕನ್ನಡದಲ್ಲೇ ಅಂಥದ್ದೊಂದು ಮಾಡಿಕೊಂಡಿದ್ದೇವೆ, ನೀವೂ ಒಂದು ಸಂಜೆಯಲ್ಲಿ ಮಾಡಿಕೊಳ್ಳಬಹುದು.

ಎರಡೇ ಸ್ಪೀಕರ್ ಇರುವ ಕಡೆ 5.1 ಆಯ್ಕೆ ಮಾಡಿಡುವುದು ಇನ್ನೊಂದು ಅಪಾಯ. ಆಗ ನಡು ಚಾನೆಲ್ ನೇರ ಗಾಳಿಗೆ. ಸ್ಟೀರಿಯೊ ಅಂತ ಆರಿಸಿದರೆ ಪ್ಲೇಯರ್ ಡೌನ್‌ಮಿಕ್ಸ್ ಮಾಡುತ್ತದೆ: ಎಡಕ್ಕೆ ಎಡ, ಜೊತೆಗೆ ನಡುವಿನ 0.707 ಪಟ್ಟು, ಹಿಂದಿನ ಎಡದ 0.707 ಪಟ್ಟು. ಬಲಕ್ಕೂ ಹಾಗೇ. ಸಬ್‌ವೂಫರಿನದನ್ನು ಸಾಮಾನ್ಯವಾಗಿ ಬಿಟ್ಟೇಬಿಡುತ್ತಾರೆ. ಮೂರನ್ನು ಕೂಡಿದರೆ 2.414. ಕ್ಲಿಪ್ ಆಗದಿರಲಿ ಅಂತ ಅದರಿಂದ ಭಾಗಿಸಿದರೆ ಮಾತಿನ ಪಾಲು ಒಂದೊಂದು ಬದಿಯಲ್ಲಿ 0.29ಕ್ಕೆ ಇಳಿಯುತ್ತೆ, ಸುಮಾರು 10.7 ಡೆಸಿಬೆಲ್ ಕೆಳಗೆ. "ಲ್ಯಾಪ್‌ಟಾಪ್‌ನಲ್ಲಿ ಮಾತು ಯಾಕೆ ಇಷ್ಟು ಮೆತ್ತಗೆ, ಹಾಡು ಬಂದ್ರೆ ಯಾಕೆ ಹೆದರಿಸುತ್ತೆ" ಅನ್ನುವ ನಿತ್ಯದ ದೂರಿಗೆ ಒಂದು ಕಾರಣ ಇಲ್ಲಿದೆ. ಇನ್ನೊಂದು ಕಾರಣ, ಥಿಯೇಟರಿನ ದೊಡ್ಡ ಏರಿಳಿತವನ್ನು ಹಾಗೇ ಮನೆಗೆ ತಂದಿರುವುದು. ರಿಸೀವರಿನಲ್ಲಿ ನೈಟ್ ಮೋಡ್ ಅಥವಾ ಡಿಆರ್‌ಸಿ ಅಂತ ಇದ್ದರೆ ಹಾಕಿ. ನಿಜವಾದ ನಡು ಸ್ಪೀಕರ್ ಇದ್ದವರು ಅದೊಂದನ್ನೇ ಎರಡು ಮೂರು ಡೆಸಿಬೆಲ್ ಏರಿಸಿಕೊಳ್ಳಬಹುದು. 5.1ರ ದೊಡ್ಡ ಲಾಭ ಹಿಂದಿನಿಂದ ಬರುವ ಹೆಲಿಕಾಪ್ಟರ್ ಅಲ್ಲ, ಮಾತಿನ ಕಿವಿ ಹಿಂಡುವ ಈ ಸ್ವಾತಂತ್ರ್ಯ.

ಎಪ್ಪತ್ತರ ದಶಕದ ನಮ್ಮ ಚಿತ್ರಗಳು ಮೂಲದಲ್ಲಿ ಮಾನೊ. ಅವನ್ನು ಹಾಕಿದಾಗ ಹಿಂದಿನ ಸ್ಪೀಕರ್ ಸುಮ್ಮನಿದ್ದರೆ ಅದೇ ಸರಿ. ಹಾಗೇ ಬ್ರೌಸರಿನಲ್ಲಿ ನೋಡುವ ಬಹಳಷ್ಟು ವಿಡಿಯೊಗಳು ಸ್ಟೀರಿಯೊ ಮಾತ್ರ. ಕೆಲವು ಸೇವೆಗಳು 5.1 ಕೊಡುವುದು ತಮ್ಮ ಆಪ್‌ನಲ್ಲಿ ಅಥವಾ ಕೆಲವೇ ಬ್ರೌಸರುಗಳಲ್ಲಿ.

ರೂಮಿನಲ್ಲಿ ಸ್ಪೀಕರ್ ಇಡುವ ಬಗ್ಗೆ ಐಟಿಯು ಕೊಟ್ಟಿರುವ ಲೆಕ್ಕ ಸರಳ: ನಡು ನೇರ ಮುಂದೆ, ಎಡಬಲ 30 ಡಿಗ್ರಿಯಲ್ಲಿ, ಹಿಂದಿನವು 100ರಿಂದ 120 ಡಿಗ್ರಿ ಒಳಗೆ. ಗಮನಿಸಿ, ಹಿಂದಿನವು ಪೂರ್ತಿ ಬೆನ್ನ ಹಿಂದೆ ಅಲ್ಲ, ಭುಜದ ಪಕ್ಕ ಸ್ವಲ್ಪ ಹಿಂದೆ. ಮಂಚ ಗೋಡೆಗೆ ಒತ್ತಿಕೊಂಡಿರುವ ಹಾಸ್ಟೆಲ್ ರೂಮಿನಲ್ಲೂ ಇದು ಸಾಧ್ಯ.

ಸೆಮಿನಾರ್ ಹಾಲಿನಲ್ಲಿ ಪ್ರದರ್ಶನ ಮಾಡುವವರಿಗೆ ಕೊನೆಯದಾಗಿ ಕೆಲವು ಮಾತು. ಪ್ರೊಜೆಕ್ಟರ್ ವಿಜಿಎಯಲ್ಲಿ ಸಿಕ್ಕಿಸಿದ್ದರೆ ಧ್ವನಿ ಅದರಲ್ಲಿ ಹೋಗುವುದಿಲ್ಲ. ಎಚ್‌ಡಿಎಂಐ ಇದ್ದರೂ ಪ್ರೊಜೆಕ್ಟರ್ ತನಗೆ ಧ್ವನಿಯೇ ಬರುವುದಿಲ್ಲ ಅಂತ ಇಡಿಐಡಿಯಲ್ಲಿ ಹೇಳಿದರೆ ಲ್ಯಾಪ್‌ಟಾಪ್ ಕಳಿಸುವುದೇ ಇಲ್ಲ. ನಡುವೆ ಸ್ಪ್ಲಿಟರ್ ಇದ್ದರೆ ಎರಡರಲ್ಲಿ ಯಾರ ಉತ್ತರವನ್ನು ಅದು ಮುಂದೆ ದಾಟಿಸುತ್ತೆ ಅನ್ನುವುದು ಆ ಪೆಟ್ಟಿಗೆಯ ಮರ್ಜಿ. ನಮ್ಮ ಹಾಲಿನಂತೆ ಗೋಡೆಯ ಮೇಲೆ ಎರಡು ದೊಡ್ಡ ಸ್ಪೀಕರ್ ಮಾತ್ರ ಇದ್ದರೆ 5.1ರ ಆಸೆ ಬಿಟ್ಟು ಸ್ಟೀರಿಯೊ ಆರಿಸಿ, ಹೆಡ್‌ಫೋನ್ ಜ್ಯಾಕಿನಿಂದ ಮಿಕ್ಸರಿಗೆ ಕೊಡಿ. ಹತ್ತು ಮೀಟರ್ ಹಿಂದಿನ ಸಾಲಿಗೆ ಸದ್ದು ಮುಟ್ಟಲು ಸುಮಾರು 29 ಮಿಲಿಸೆಕೆಂಡ್ ಬೇಕು, ಅದರ ಮೇಲೆ ಪ್ರೊಜೆಕ್ಟರಿನ ಚಿತ್ರ ವಿಳಂಬ ಬೇರೆ. ತುಟಿಗೂ ಮಾತಿಗೂ ಹೊಂದದಿದ್ದರೆ ವಿಎಲ್‌ಸಿಯಲ್ಲಿ ಜೆ ಮತ್ತು ಕೆ ಕೀಗಳಿಂದ 50 ಮಿಲಿಸೆಕೆಂಡ್ ಹೆಜ್ಜೆಯಲ್ಲಿ ಸರಿಸಬಹುದು. ಹಿಂದಿನ ದಿನವೇ ಒಬ್ಬರನ್ನು ಕೊನೆಯ ಸಾಲಿನಲ್ಲಿ ಕೂರಿಸಿ, ಹಾಡಿನ ದೃಶ್ಯ ಬೇಡ, ಇಬ್ಬರು ಪಿಸುಗುಡುವ ದೃಶ್ಯ ಹಾಕಿ. ಅವರು ಕೈ ಎತ್ತಿದಾಗ ಮಿಕ್ಸರಿನ ಗುಂಡಿಯ ಪಕ್ಕ ಒಂದು ಚೂರು ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ.